ಲಸಿಕೆ ಹಾಕ್ಸಿಲ್ಲ ಅಂತ ಆ ತಾಯಿಗೆ ಬೈಯೋ ಮುಂಚೆ

ನಮ್ಮ ಕೊಡಗಿನ ಸಿದ್ದಾಪುರ ಕಡೆ ಪಕ್ಕದ ತೋಟದ ಲೈನ್ ಮನೇಲಿ (ಕೂಲಿಯವ್ರ ಸಾಲು ಮನೆ) ಅಸ್ಸಾಂನಿಂದ ಬಂದ ಒಂದು ಕುಟುಂಬ ಇದೆ. ಮಗುಗೆ 11 ತಿಂಗಳು, 9 ತಿಂಗಳಿಗೆ ಆಗ್ಬೇಕಿದ್ದ ದಡಾರ-ರುಬೆಲ್ಲಾ ಇಂಜೆಕ್ಷನ್ ಇನ್ನೂ ಆಗಿಲ್ಲ. "ಈ ಜನಕ್ಕೆ ತಿಳುವಳಿಕೆನೇ ಇಲ್ಲ" ಅಂತ ಯಾರೋ ಅಂದಾಗ ನಂಗೆ ತುಂಬ ಬೇಜಾರಾಯ್ತು, ಯಾಕಂದ್ರೆ ಮಗುವಿನ ತಾಯಿ, ಆ ಹುಡುಗಿ, ಲಸಿಕೆ ಹಾಕ್ಸೋಕೆ ಆಸ್ಪತ್ರೆಗೆ ಹೋಗಿದ್ಲು, ಕಾಫಿ ಕುಯ್ಲಿನ ಟೈಮಲ್ಲಿ ಒಂದು ದಿನದ ಕೂಲಿ ಬಿಟ್ಟು, ಮಗು ಎತ್ಕೊಂಡು ಮೇನ್ ರೋಡ್ ತನಕ ನಡ್ದು ಬಸ್ ಹಿಡ್ದು ಹೋಗಿದ್ಲು. ಅಲ್ಲಿ "ಇವತ್ತು ಒಂದೇ ಮಗು, ಮುಂದಿನ ವಾರ ಬಾ" ಅಂದ್ರಂತೆ.

ಈ ಲಸಿಕೆ ಒಂದು ಬಾಟ್ಲಿಲಿ ಹಲವು ಮಕ್ಕಳಿಗಾಗೋಷ್ಟು ಪುಡಿ ಇರುತ್ತೆ, ಅದರ ಜೊತೆ ಬರೋ ದ್ರಾವಣ ಬೆರೆಸಿದ್ಮೇಲೆ 4 ಗಂಟೆ ಒಳಗೆ ಹಾಕ್ಬೇಕು, ಉಳಿದಿದ್ದು ಎಸೀಬೇಕು. ಕ್ಷಯಕ್ಕೆ ಹಾಕೋ ಬಿಸಿಜಿನೂ ಹಾಗೇ. ವೇಸ್ಟ್ ಆಗುತ್ತಲ್ಲ ಅಂತ ಸಿಸ್ಟರ್‌ಗಳು ಹಿಂಜರಿಯೋದು ಅರ್ಥ ಆಗುತ್ತೆ. ಆದ್ರೂ ಒಂದೇ ಮಗು ಬಂದ್ರೂ ಬಾಟ್ಲಿ ಓಪನ್ ಮಾಡ್ಲೇಬೇಕು, ಉಳಿದ ಡೋಸ್‌ಗಿಂತ ಆ ಮಗು ದೊಡ್ಡದು.

ಇನ್ನು ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾ (ಐದು ಕಾಯಿಲೆಗೆ ಒಂದೇ ಲಸಿಕೆ) ಇಂಜೆಕ್ಷನ್ ಆದ ರಾತ್ರಿ ಎಷ್ಟೋ ಮಕ್ಕಳಿಗೆ ಜ್ವರ ಬರುತ್ತೆ. ಬರೋದು ಸಹಜ, ಒಂದೆರಡು ದಿನಕ್ಕೆ ಇಳಿಯುತ್ತೆ. ಆದ್ರೆ ಜ್ವರದ ಮಗು ಬಿಟ್ಟು ಕುಯ್ಲಿಗೆ ಹೋಗೋಕಾಗಲ್ಲ, ಅಲ್ಲಿಗೆ ಎರಡನೇ ದಿನದ ಕೂಲಿನೂ ಹೋಯ್ತು. ಲಸಿಕೆ ಸರ್ಕಾರದ್ದು ಫ್ರೀ ಅಂತೀವಿ, ಇವಳಿಗೆ ಎಲ್ಲಿ ಫ್ರೀ ಹೇಳಿ?

ನಾಗರಹೊಳೆ ಕಾಡಂಚಿನ ಆದಿವಾಸಿ ಹಾಡಿಗಳದ್ದು ಬೇರೆನೇ ಕಷ್ಟ. ಜೂನ್‌ನಿಂದ ಮಳೆ, ದಾರೀಲಿ ಆನೆ, ಫೋನ್‌ಗೆ ನೆಟ್‌ವರ್ಕ್ ಇಲ್ಲ. ಐಸ್ ಪ್ಯಾಕ್ ಇಟ್ಟ ಡಬ್ಬ ಹೆಗಲಿಗೆ ಹಾಕ್ಕೊಂಡು ಅಲ್ಲಿಗೆ ನಡ್ಕೊಂಡು ಹೋಗೋ ಸಿಸ್ಟರ್‌ಗಳು, ಆಶಾ ಅಕ್ಕಂದಿರು ನಮ್ಮಲ್ಲಿದ್ದಾರೆ, ಅವ್ರಿಗೆ ಕೈ ಮುಗೀತೀನಿ.

ಲಸಿಕೆ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ರೂ ಲಸಿಕೆ ನಿಲ್ಲಬಾರದು. ಈಗ ಲಸಿಕೆ ದಾಖಲೆ ಆನ್‌ಲೈನಲ್ಲಿ ಇಡೋ ಸರ್ಕಾರದ ಯು-ವಿನ್ ಇದೆ, ದೇಶದಲ್ಲಿ ಎಲ್ಲಿ ಬೇಕಾದ್ರೂ ಹಾಕ್ಸಬಹುದು. ಇದನ್ನ ಆ ಹುಡುಗಿಗೆ ಅವಳ ಭಾಷೇಲಿ ಯಾರೂ ಹೇಳಿಲ್ಲ.

ತೋಟದವ್ರಿಗೆ ನನ್ನ ಮನವಿ ಇಷ್ಟೇ, ಇಂಜೆಕ್ಷನ್ ದಿನ ಮತ್ತೆ ಅದರ ಮಾರನೇ ದಿನ ತಾಯಿ ಕೂಲಿ ಕಟ್ ಮಾಡ್ಬೇಡಿ. ಲೈನಿಗೆ ಹೊಸ ಕುಟುಂಬ ಬಂದ್ರೆ ರೈಟರ್ (ತೋಟದ ಲೆಕ್ಕ ಬರೆಯೋರು) ಹತ್ರ ಹೇಳಿ ಆಶಾಗೆ ಒಂದು ಫೋನ್ ಮಾಡ್ಸಿ. ಕುಯ್ಲು ಮುಗಿಯೋ ತನಕ ಭಾನುವಾರ ಲೈನ್ ಹತ್ರಾನೇ ಲಸಿಕೆ ಹಾಕಿ ಅಂತ ಆರೋಗ್ಯ ಇಲಾಖೆನೂ ಕೇಳ್ಕೋತೀನಿ.

ಈ ಗುರುವಾರ ಆ ಮಗುನ, ಹಿಂದಿನ ಲೈನಿನ ಇನ್ನೂ ಮೂರು ಮಕ್ಕಳನ್ನ ನಮ್ಮ ಜೀಪಲ್ಲೇ ಕರ್ಕೊಂಡು ಹೋಗ್ತಿದೀನಿ. ಇನ್ನೊಬ್ಬ ತಾಯಿ-ಮಗುಗೆ ಜಾಗ ಇದೆ, ಹತ್ರದಲ್ಲಿ ಯಾರಾದ್ರೂ ಇದ್ರೆ ಮೆಸೇಜ್ ಮಾಡಿ.