ಇಂಬಳ ಕಂಡ ಕಾಡು

ಮಳೆಕಾಡಿನ ಪರಿಸರ ಲಾಡ್ಜ್‌ಗಳ ಜಾಹೀರಾತಿನಲ್ಲಿ ಎಲ್ಲ ಇರುತ್ತದೆ. ಮಂಜು, ತೂಗುಸೇತುವೆ, ಮರದ ಜಗಲಿಯಲ್ಲಿ ಬಿಸಿ ಕಾಫಿಯ ಲೋಟ ಹಿಡಿದು ದೂರ ದಿಟ್ಟಿಸುತ್ತಿರುವ ಯಾರೋ ಒಬ್ಬರು. ರಕ್ತ ಹೀರುವ ಕಾಡುಜಿಗಣೆ, ಅಂದರೆ ಇಂಬಳ ಮಾತ್ರ ಇರುವುದಿಲ್ಲ. ಏಷ್ಯಾದ ಯಾವುದೇ ಮಳೆಕಾಡಿಗೆ ಹೋಗಿ ನೋಡಿ, ದೂರ ದಿಟ್ಟಿಸುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕಣ್ಣೆಲ್ಲ ಕಾಲಿನ ಮೇಲೆ.

ನಾನು ಉಳಿದುಕೊಂಡಿದ್ದ ಕಡೆ ರೂಮಿನ ಕೀಲಿಗಿಂತ ಮೊದಲು ಕೈಗೆ ಬಂದದ್ದು ಮೊಣಕಾಲುದ್ದದ ಒಂದು ಜೊತೆ ಬಟ್ಟೆ ಚೀಲ. ಲೀಚ್ ಸಾಕ್ಸ್. ಇಂಬಳದ ಮೂತಿ ತೂರದಷ್ಟು ಒತ್ತಾದ ನೇಯ್ಗೆ. ಪ್ಯಾಂಟನ್ನು ಅದರೊಳಗೆ ತುರುಕಿ ದಾರ ಬಿಗಿದು ನಿಂತರೆ, ಶಾಲೆಯ ನಾಟಕದಲ್ಲಿ ಸೈನಿಕನ ಪಾತ್ರ ಸಿಕ್ಕ ಹುಡುಗನ ಹಾಗೆ ಕಾಣುತ್ತೇವೆ. ಎಲ್ಲರೂ ಹಾಗೇ ಕಾಣುವುದರಿಂದ ಯಾರೂ ನಗುವುದಿಲ್ಲ.

ಆಮೇಲೆ ಗೈಡ್ ಹಿಂದೆ ಸಾಲಾಗಿ ನಡಿಗೆ. ಮಳೆಕಾಡಿನಲ್ಲಿ ಪ್ರಾಣಿ ನೋಡುವುದು ಅಷ್ಟು ಸುಲಭ ಅಲ್ಲ. ಮೇಲಿನ ಎಲೆಗಳೆಲ್ಲ ಬಿಸಿಲನ್ನು ಹಂಚಿಕೊಂಡು ನೆಲಕ್ಕೆ ಬಿಡುವುದು ನೂರರಲ್ಲಿ ಒಂದೆರಡು ಪಾಲು. ಆ ಕತ್ತಲಲ್ಲಿ ನಾವು. ಹಣ್ಣು, ಹೂವು, ಮಂಗ, ಹಕ್ಕಿ ಎಲ್ಲ ಮೂವತ್ತು ನಲವತ್ತು ಮೀಟರ್ ಮೇಲೆ. ಬೋರ್ನಿಯೋದ ಡಾನುಂ ಕಣಿವೆಯಲ್ಲಿ ಒಂದು ಮರ 100.8 ಮೀಟರ್ ಎತ್ತರ ಇದೆ. ಅದರ ತುದಿಯಲ್ಲಿ ಮದುವೆಯೇ ನಡೆದರೂ ಬುಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಗೈಡ್ ಥಟ್ಟನೆ ನಿಂತು ಮೇಲೆ ಬೆರಳು ತೋರಿಸುತ್ತಾನೆ. ಒಂದು ಎಲೆ ಅಲ್ಲಾಡುತ್ತದೆ. ನಾವು ಒಬ್ಬೊಬ್ಬರಾಗಿ 'ಹೌದು ಹೌದು, ಕಂಡಿತು' ಅನ್ನುತ್ತೇವೆ. ಮರ್ಯಾದೆ ಪ್ರಶ್ನೆ ಅಲ್ವಾ!

ನಾವು ಮೇಲೆ ನೋಡುತ್ತಿರುವಾಗ ಕೆಳಗೆ ಇಂಬಳ ನಮ್ಮನ್ನು ಹುಡುಕುತ್ತಿರುತ್ತದೆ. ಕೂತು ಗಮನಿಸಿದರೆ ಚೆಂದದ ಜೀವಿ ಅದು. ಹಿಂದಿನ ತುದಿಯನ್ನು ಎಲೆಗೆ ಅಂಟಿಸಿಕೊಂಡು ನೆಟ್ಟಗೆ ಎದ್ದು ನಿಲ್ಲುತ್ತದೆ. ದಾರದಷ್ಟು ತೆಳು. ಆ ಕಡೆ ಈ ಕಡೆ ತೂಗಾಡಿ, ನಮ್ಮ ಉಸಿರು, ಮೈ ಶಾಖ, ಹೆಜ್ಜೆಯ ಅದುರು ಎಲ್ಲಿಂದ ಬಂತು ಅಂತ ಲೆಕ್ಕ ಹಾಕುತ್ತದೆ. ಲೆಕ್ಕ ಸಿಕ್ಕ ಕೂಡಲೇ ಗೇಣು ಹಾಕುತ್ತಾ ಬಂದೇ ಬಿಡುತ್ತದೆ. ಬೂಟಿನ ಹೊಲಿಗೆ, ದಾರದ ತೂತು, ಎಲ್ಲಾದರೂ ಸಂದಿ ಇದ್ದೇ ಇರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಟ್ಟಿರುತ್ತದೆ. ಹೊಟ್ಟೆ ತುಂಬಿ ಅದು ಉದುರಿ ಹೋದ ಮೇಲೂ ನಮ್ಮ ರಕ್ತ ಸುಮ್ನೆ ಹರಿಯುತ್ತಲೇ ಇರುತ್ತದೆ. ಸಾಕ್ಸ್ ಕೆಂಪಾದಾಗಲೇ ಸುದ್ದಿ ತಲುಪುವುದು.

ಉಪ್ಪು ಹಾಕಿ, ಬೆಂಕಿ ತೋರಿಸಿ ಅಂತ ಸಲಹೆ ಕೊಡುವವರು ಜಾಸ್ತಿ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಿಕೊಳ್ಳಬಹುದು. ತೆಳು ತುದಿಯ ಕೆಳಗೆ ಉಗುರು ತೂರಿಸಿ ಮೆಲ್ಲಗೆ ಜಾರಿಸಿದರೆ ಸಾಕು. ಇನ್ನು ಇಂಬಳ ಹಾರುತ್ತದೆ ಅಂತ ಹಿಂದಿನಿಂದಲೂ ಹೇಳುವವರಿದ್ದರು. ನಾನು ನಗುತ್ತಿದ್ದೆ. 2024ರಲ್ಲಿ ಸಂಶೋಧಕರು ಮಡಗಾಸ್ಕರ್‌ನ ಇಂಬಳವೊಂದು ಎಲೆಯ ಮೇಲೆ ಹಿಂದಕ್ಕೆ ಬಾಗಿ ನೆಗೆಯುವ ವಿಡಿಯೊವನ್ನೇ ಪ್ರಕಟಿಸಿದರು. ಈಗ ನಗು ಬರುವುದಿಲ್ಲ.

ಆದರೂ ನನಗೆ ಅದರ ಮೇಲೆ ಗೌರವ ಬಂದದ್ದು ಇನ್ನೊಂದು ಕಾರಣಕ್ಕೆ. 2012ರಲ್ಲಿ ವಿಯೆಟ್ನಾಂ ಕಾಡಿನ 25 ಇಂಬಳಗಳ ಹೊಟ್ಟೆಯ ರಕ್ತವನ್ನು ವಿಜ್ಞಾನಿಗಳು ಪರೀಕ್ಷಿಸಿದರು. 21ರಲ್ಲಿ ಸಸ್ತನಿಗಳ ಡಿಎನ್‌ಎ ಸಿಕ್ಕಿತು. ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪವಾದ, ಅನ್ನಮೈಟ್ ಬೆಟ್ಟಗಳ ಪಟ್ಟೆ ಮೊಲವೂ ಅದರಲ್ಲಿತ್ತು. ಕುಡಿದ ರಕ್ತದ ಗುರುತು ತಿಂಗಳುಗಟ್ಟಲೆ ಉಳಿಯುತ್ತದಂತೆ. ಕ್ಯಾಮೆರಾ, ದುರ್ಬೀನು ಹೊತ್ತು ತಿರುಗುವ ನಮಗೆ ಕಾಣುವುದು ಅಲ್ಲಾಡುವ ಎಲೆ. ಕೂತಲ್ಲೇ ಕೂತ ಇದಕ್ಕೆ ಮೊಲ ಸಿಗುತ್ತದೆ. ಬರೀ ಸಿಗುವುದೇನು, ಮೊಲವನ್ನು ಮುಟ್ಟಿ ಮಾತಾಡಿಸಿ ಬಂದಿರುತ್ತದೆ.

ಉಳಿದ ಸಾಹಸಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಜಿಪ್‌ಲೈನ್‌ನಲ್ಲಿ ಕಿರುಚುತ್ತಾ ಜಾರುವುದಕ್ಕೆ ಮಳೆಕಾಡೇ ಯಾಕೆ ಬೇಕೋ ನನಗೆ ತಿಳಿಯದು. ನಮ್ಮ ಕೂಗಿಗೆ ಇದ್ದಬದ್ದ ಹಕ್ಕಿಯೂ ಓಡಿಹೋಗುತ್ತದೆ. ಅದಕ್ಕಿಂತ ನಡುರಾತ್ರಿ ಟಾರ್ಚ್ ಹಿಡಿದು, ಚಪ್ಪಲಿ ಕೊಡವಿ, ಕಪ್ಪೆ ಕೀಟಗಳ ಗಲಾಟೆಯ ನಡುವೆ ಬಚ್ಚಲುಮನೆಗೆ ಹೋಗಿ ಬರುವುದು ದೊಡ್ಡ ಸಾಹಸ. ಒಗೆದ ಬಟ್ಟೆ ಒಣಗುತ್ತದೆ ಅಂತ ಕಾಯುವುದು ಇನ್ನೂ ದೊಡ್ಡದು.

ಕೆಲವರು ದಾರಿಗೆಲ್ಲ ಔಷಧಿ ಹೊಡೆದು ಇಂಬಳ ಓಡಿಸಬಾರದೇ ಅಂತ ಲಾಡ್ಜಿನವರ ಹತ್ತಿರ ಜಗಳ ತೆಗೆಯುತ್ತಾರೆ. ಹಾಗೆ ಹೊಡೆಯುವ ಜಾಗ ಬೋರ್ಡಿನಲ್ಲಿ ಪರಿಸರ ಅಂತ ಬರೆದುಕೊಳ್ಳುವುದು ಬಿಡಲಿ. ಇಂಬಳಕ್ಕೆ ರಕ್ತ ಬೇಕು, ರಕ್ತಕ್ಕೆ ಪ್ರಾಣಿ ಬೇಕು. ಅದು ಕಾಲಿಗೆ ಹತ್ತಿತು ಅಂದರೆ ಹತ್ತಿರದಲ್ಲಿ ಬೇರೆ ಯಾರದೋ ಕಾಲೂ ಓಡಾಡುತ್ತಿದೆ ಅಂತಲೇ ಅರ್ಥ.

ನಾವು ಹೊರಡುವಾಗ ಒಬ್ಬರು ಗೈಡ್‌ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಒಂದೇ ಒಂದು ಕಾಡುಪ್ರಾಣಿಯನ್ನಾದರೂ ಹತ್ತಿರದಿಂದ ತೋರಿಸಿದಿರಾ? ಗೈಡ್ ಅವರ ಕತ್ತನ್ನೇ ನೋಡುತ್ತಾ ಹೇಳಿದ, 'ಕಾಲರ್ ಹತ್ತಿರ ಒಂದಿದೆ ಸಾರ್. ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ.'