ಸೀಡ್ಸ್ ಪ್ಲಾಟ್‌ಗೆ ಹೊರದೇಶದ ದುಡ್ಡು: ಮಣ್ಣಿಗೆ ಒಳ್ಳೆಯದಾ?

ಪರ

ರಾಣೆಬೆನ್ನೂರಿನ ಸುತ್ತಮುತ್ತ 'ಸೀಡ್ಸ್ ಪ್ಲಾಟ್' ಅಂದರೆ ಬಿಡಿಸಿ ಹೇಳಬೇಕಿಲ್ಲ: ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ಹೊಲ. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವುದು. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಎಲ್ಲಕ್ಕೂ ಇದೇ ಕೆಲಸ. ಬೀಜದ ವ್ಯವಹಾರದಲ್ಲಿ ಶೇ. 100 ವಿದೇಶಿ ಬಂಡವಾಳಕ್ಕೆ ನಮ್ಮ ಸರ್ಕಾರವೇ ಬಾಗಿಲು ತೆರೆದಿದೆ. ಅಷ್ಟಕ್ಕೇ ಮಣ್ಣು ಹಾಳಾಯಿತು ಅನ್ನುವವರು ಒಮ್ಮೆ ಈ ಬೀಜ ಬೆಳೆಯುವ ನೆಟ್ ಹೌಸ್ (ಪರದೆ ಮನೆ) ಒಳಗೆ ಬಂದು ನೋಡಲಿ. ಹತ್ತು ಗುಂಟೆ ಸಾಕು. ನೀರು ಹನಿಹನಿಯಾಗಿ ಬುಡಕ್ಕೇ ಹೋಗುತ್ತದೆ. ಪರದೆ ಇರುವುದರಿಂದ ಬಿಳಿನೊಣದ ಕಾಟ ಕಡಿಮೆ. ಅಷ್ಟೇ ಆದಾಯ ಗೋವಿನಜೋಳದಲ್ಲಿ ಬರಬೇಕಾದರೆ ಎಷ್ಟು ಎಕರೆ, ಎಷ್ಟು ಚೀಲ ಯೂರಿಯಾ ಬೇಕು? ಪರದೆ, ಪೈಪು ಸುಮ್ನೆ ಬರಲ್ಲ, ದುಡ್ಡು ಹಾಕುವವರು ಬೇಕು.

ಹೊರಗಿನ ಗಿರಾಕಿ ಕಟ್ಟುನಿಟ್ಟು ಕೂಡ. 2003ರಲ್ಲಿ ಯುರೋಪಿಗೆ ಹೋದ ನಮ್ಮ ದೇಶದ ಮೆಣಸಿನಪುಡಿಯಲ್ಲಿ, ತಿನ್ನುವ ಪದಾರ್ಥಕ್ಕೆ ಹಾಕಬಾರದ ಸುಡಾನ್ ಬಣ್ಣ ಸಿಕ್ಕಿತು. ಆಮೇಲೆ ತಾನೇ ಸಂಬಾರ ಮಂಡಳಿ ರಫ್ತಿಗೆ ಪರೀಕ್ಷೆ ಕಡ್ಡಾಯ ಮಾಡಿದ್ದು? ಈಗ ಬ್ಯಾಡಗಿ ಕಾಯಿ ಹೊರದೇಶಕ್ಕೆ ಹೋಗಬೇಕಾದರೆ ಔಷಧಿ ಎಷ್ಟು ಉಳಿದಿದೆ ಎಂದು ಕೇಳುತ್ತಾರೆ. ನಮ್ಮ ಸಂತೆಯ ಬದನೆಕಾಯಿಗೆ ಹಾಗೆ ಕೇಳಿದವರನ್ನು ನಾನಂತೂ ನೋಡಿಲ್ಲ.

ವಿರೋಧ

ನಾನು ಧಾರವಾಡದ ಕಡೆಯವನು, ಹತ್ತಿಯಿಂದಲೇ ಶುರು ಮಾಡುತ್ತೇನೆ. 1972ರಲ್ಲಿ ಹತ್ತಿ ವಿಜ್ಞಾನಿ ಡಾ. ಕಟರಕಿಯವರು 'ವರಲಕ್ಷ್ಮಿ' ಹೈಬ್ರಿಡ್ ಹತ್ತಿ ಕೊಟ್ಟಿದ್ದು ಇಲ್ಲೇ, ಸರ್ಕಾರಿ ಸಂಶೋಧನೆಯಲ್ಲಿ. ಅದಕ್ಕೂ ಎಣ್ಣೆ (ಕೀಟನಾಶಕ) ಜಾಸ್ತಿ ಹೊಡೆಯಬೇಕಿತ್ತು, ಸುಳ್ಳು ಹೇಳಲ್ಲ. ಆದರೆ ಮಗ್ಗುಲ ಎರೆ ಹೊಲದಲ್ಲಿ ಮಳೆ ನಂಬಿ ಬೆಳೆಯುವ ಜಯಧರ ಎಂಬ ದೇಸಿ ಹತ್ತಿ ಇನ್ನೂ ಇತ್ತು.

2002ರಲ್ಲಿ ಬಿಟಿ ಹತ್ತಿ ಬಂತು, ಕಾಯಿಕೊರಕ ಹುಳ ಕೊಲ್ಲುವ ಜೀನ್ ಸೇರಿಸಿದ್ದು. ತಂತ್ರಜ್ಞಾನ ಅಮೆರಿಕದ ಮಾನ್ಸಾಂಟೊದ್ದು. ಮೊದಮೊದಲು ಎಣ್ಣೆ ಹೊಡೆಯುವುದು ಕಡಿಮೆಯಾಯಿತು, ಅದು ನಿಜ. 2006ರಲ್ಲಿ ಎರಡು ಜೀನ್ ಇರುವ ಬೀಜ ಬಂತು. ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಜೀನ್‌ಗೆ ಬಗ್ಗುತ್ತಿಲ್ಲ ಎಂದು 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಎರಡನೆಯದಕ್ಕೂ ಅದೇ ಗತಿ. ಬಿಟಿ ಪ್ಯಾಕೆಟ್ ಜೊತೆ ಸಾದಾ ಹತ್ತಿ ಬೀಜದ ಸಣ್ಣ ಪ್ಯಾಕೆಟ್ ಬರುತ್ತಿತ್ತಲ್ಲ, ಹುಳ ಬಿಟಿಗೆ ಬೇಗ ಒಗ್ಗದಿರಲಿ, ಹೊಲದ ಸುತ್ತ ಬಿತ್ತಿ ಅಂತ? ಎಷ್ಟು ಜನ ಬಿತ್ತಿದೆವು? ನಮ್ಮನೆಯಲ್ಲಿ ಅದು ಅಟ್ಟದ ಮೇಲೇ ಹುಳ ಹಿಡಿಯಿತು. ತಪ್ಪು ನಮ್ಮದೂ ಹೌದು. ಆದರೆ ಮಾರಿದವರು ಹೊಲಕ್ಕೆ ಬಂದು ನೋಡಲಿಲ್ಲ.

ಇನ್ನು ಸೀಡ್ಸ್ ಪ್ಲಾಟ್. ಬ್ಯಾಡಗಿ ಕಾಯಿಯನ್ನು ಜನ ತಿನ್ನುತ್ತಾರೆ, ಪರೀಕ್ಷೆ ಮಾಡುತ್ತಾರೆ. ಬೀಜಕ್ಕೆ ಬೆಳೆದ ಹಣ್ಣನ್ನು ಯಾರೂ ತಿನ್ನಲ್ಲ. ಹೀಗಾಗಿ ಎಷ್ಟು ಹೊಡೆದೆ ಅಂತ ಕೇಳುವವರೂ ಇಲ್ಲ. ನೋಡುವುದು ಮೊಳಕೆ ಎಷ್ಟು, ಬೆರಕೆ ಎಷ್ಟು ಅಂತ ಅಷ್ಟೇ. ಟೊಮೆಟೊ ಬೀಜದ ಲೋಳೆ ಬಿಡಿಸಲು ಆ್ಯಸಿಡ್ ಹಾಕುವುದುಂಟು. ತೊಳೆದ ನೀರು ಎಲ್ಲಿಗೆ ಹೋಗಬೇಕು? ನನ್ನ ಭಾವನವರು ಸಹಿ ಹಾಕಿದ ಒಪ್ಪಂದದ ಕಾಗದ ಓದಿದ್ದೇನೆ. ಮೊಳಕೆ ಕಡಿಮೆ ಬಂದರೆ ದುಡ್ಡು ಕೊಡಲ್ಲ ಎಂದು ಎರಡು ಕಡೆ ಬರೆದಿದೆ. ಆ ನೀರಿನ ಬಗ್ಗೆ ಒಂದು ಸಾಲೂ ಇಲ್ಲ.