ಮಂಗನ ಕಾಯಿಲೆಯ ಅಧ್ಯಯನ ತೋರಿಸಿದ್ದು

ನಮ್ಮ ಸಂಶೋಧನೆಗಳು ಕಪಾಟು ಸೇರುತ್ತವೆಯೇ ಹೊರತು ಜನರ ಸಂಕಟಕ್ಕೆ ಒದಗುವುದಿಲ್ಲ ಎಂದು ಲೇಖಕರೊಬ್ಬರು ಆಕ್ಷೇಪಿಸಿದ್ದಾರೆ; ಅದನ್ನು ಪೂರ್ತಿಯಾಗಿ ಒಪ್ಪಲಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗನ ಕಾಯಿಲೆ ಎಂದು ಹೆಸರಾದ ಈ ರೋಗದ ಹೊಸ ವೈರಸ್ಸನ್ನು ಗುರುತಿಸಿ ಸುಮ್ಮನಾಗಲಿಲ್ಲ. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ, ರಕ್ತ ಹೀರುವ ಪುಟ್ಟ ಜೀವಿಗಳಾದ ಉಣುಗುಗಳನ್ನು ಹೆಕ್ಕಿ, ಅವುಗಳ ಕಡಿತದಿಂದ ರೋಗ ಹರಡುವ ಬಗೆಯನ್ನೂ ಬಿಡಿಸಿಟ್ಟರು. ಕಾಡು ತೆರವಾದ ಅಂಚುಗಳಲ್ಲಿ ಮೇಯುವ ದನಗಳ ರಕ್ತವೇ ಬಲಿತ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತತಿ ಹೆಚ್ಚುತ್ತದೆ ಎಂಬ ವಿಚಾರ 1960ರ ದಶಕದಲ್ಲೇ ಮಂಡನೆಯಾಗಿತ್ತು. ಕಾಡು, ತೋಟ, ಗದ್ದೆ ಬೆರೆತಿರುವಲ್ಲಿ ಅಪಾಯ ಹೆಚ್ಚೆಂದು ಇತ್ತೀಚಿನ ಅಧ್ಯಯನಗಳೂ ಹೇಳುತ್ತವೆ. ಕಾಡಿನೊಳಗೆ ಮನುಷ್ಯ ನುಗ್ಗಿದಂತೆ ಪ್ರಾಣಿಗಳ ರೋಗ ಅವನಿಗೂ ಹರಡುತ್ತದೆ ಎಂದು ಕೋವಿಡ್ ಬಂದ ಮೇಲೆ ಜಗತ್ತೆಲ್ಲ ಚರ್ಚಿಸಿದ ಸಂಗತಿ ಇದೇ ಅಲ್ಲವೇ?

ಕೊರತೆ ಇರುವುದು ಬೇರೆಡೆ. ಉಣುಗಿನ ಮರಿಗಳು ತರಗೆಲೆಯಲ್ಲಿರುತ್ತವೆ, ಬೇಸಿಗೆ ಮುಗಿಯುವವರೆಗೆ ದರಗು, ಅಂದರೆ ಆ ಒಣಗಿದ ಎಲೆ, ತರಲು ಹೋಗಬೇಡಿ ಎನ್ನುವುದು ಸುಲಭ. ಆದರೆ ದರಗಿಲ್ಲದೆ ಕೊಟ್ಟಿಗೆಗೆ ಏನು ಹಾಸಬೇಕು, ಅಡಿಕೆ ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು ಎಂಬುದನ್ನು ರೈತರೊಂದಿಗೆ ಕುಳಿತು ಲೆಕ್ಕ ಹಾಕುವ ಸಮಾಜವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ವೈದ್ಯರ ಜೊತೆಗೇ ಈ ಕೆಲಸದಲ್ಲಿ ತೊಡಗಬೇಕು.